ಘಾಟಿ ದಾರಿಗೆ ಎಂಥ ಪುಸ್ತಕ?

ಬ್ಯಾಗಿಗೆ ಪುಸ್ತಕ ತುರುಕುವ ಮುಂಚೆ ಹೋಗುವ ದಾರಿಯನ್ನೊಮ್ಮೆ ನೆನೆಸಿಕೊಳ್ಳಿ. ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಾದರೆ ಸಕಲೇಶಪುರದವರೆಗೆ ಕಾದಂಬರಿ ಸರಾಗವಾಗಿ ಸಾಗುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ, ರೈಲು ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ತೆವಳುತ್ತದೆ. ಎರಡು ಪ್ಯಾರಾ ಓದುವಷ್ಟರಲ್ಲಿ ಕತ್ತಲು, ಬೆಳಕು ಬಂದರೆ ಕಿಟಕಿಯಾಚೆ ಝರಿ. ಅಲ್ಲಿ ಹಠ ಹಿಡಿದು ದಪ್ಪ ಕಾದಂಬರಿ ಓದುವುದು ಪುಸ್ತಕಕ್ಕೂ ಅನ್ಯಾಯ, ಘಾಟಿಗೂ ಅನ್ಯಾಯ. ಮೂರ್ನಾಲ್ಕು ಪುಟದ ಲಲಿತ ಪ್ರಬಂಧವಾದರೆ ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ.

ಬಸ್ಸಿನ ಕತೆಯೇ ಬೇರೆ. ಚಾರ್ಮಾಡಿಯಲ್ಲೋ, 14 ಹೇರ್‌ಪಿನ್ ತಿರುವುಗಳ ಆಗುಂಬೆಯಲ್ಲೋ ಕಣ್ಣು ಅಲುಗದ ಅಕ್ಷರ ನೋಡುತ್ತಿರುತ್ತದೆ, ಒಳಕಿವಿಗೆ ಮಾತ್ರ ಪ್ರತಿ ತಿರುವೂ ಗೊತ್ತಾಗುತ್ತಿರುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಫೋನನ್ನು ತೊಡೆಯ ಮೇಲಿಟ್ಟು ತಲೆ ಬಗ್ಗಿಸಿದರೆ ಇನ್ನೂ ಬೇಗ. ಬಾಯಲ್ಲಿ ನೀರೂರಲು ಶುರುವಾದ ಕೂಡಲೇ ಓದು ನಿಲ್ಲಿಸಿ ದೂರದ ಗುಡ್ಡ ನೋಡಬೇಕು. "ಈ ಪುಟವೊಂದು ಮುಗಿಸಿಬಿಡೋಣ" ಅಂದವರೇ ಕವರ್ ಹುಡುಕುವುದು. ಇಂಥ ದಾರಿಗೆ ಆಡಿಯೊ ಪುಸ್ತಕವೇ ಸರಿ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 29 ಎಂಬಿ ಸಾಕು.

ಒಂದು ಕಾಲಕ್ಕೆ ಇಷ್ಟೆಲ್ಲ ಯೋಚನೆ ಇರಲಿಲ್ಲ. ಸ್ಟೇಷನ್ನಿನ ಅಂಗಡಿಯಲ್ಲಿ ಸುಧಾನೋ ತರಂಗಾನೋ ಕೊಂಡರೆ ಆಯಿತು. ಕಸ್ತೂರಿಯ ಪುಸ್ತಕ ವಿಭಾಗವಂತೂ ಇಡೀ ಪುಸ್ತಕವೊಂದನ್ನು ಒಂದು ಪ್ರಯಾಣದ ಅಳತೆಗೆ ಇಳಿಸಿಕೊಡುತ್ತಿತ್ತು. ಆ ಜಾಗಕ್ಕೆ ಈಗ ಫೋನ್ ಬಂದಿದೆ. 2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಮಾರಾಟಕ್ಕಿಳಿದಾಗ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಸಿಗುತ್ತದೆ, ಇಲ್ಲವೆಂದರೆ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವ ಸ್ಕ್ಯಾನ್ ಪಿಡಿಎಫ್.

ಪ್ರಯಾಣದಲ್ಲಿ ಕೈಕೊಡುವುದು ಈ ಪಿಡಿಎಫ್ಫೇ. ಸಾಮಾನ್ಯ ಕಾದಂಬರಿಯ ಡೆಮಿ 1/8 ಆಕಾರದ ಪುಟ ಐದೂವರೆ ಇಂಚು ಅಗಲ, ಫೋನಿನ ಪರದೆ ಮೂರು ಇಂಚೂ ಇಲ್ಲ. 'ಜ್ಯೋತ್ಸ್ನಾ' ಎಂಬಲ್ಲಿ ಕೆಳಗಿನ ಒತ್ತುಗಳು ಇರುವೆಗಳಾಗುತ್ತವೆ. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕು, ಅಲುಗುವ ಸೀಟಿನಲ್ಲಿ ಸಾಲೇ ತಪ್ಪುತ್ತದೆ. ಫೋನನ್ನು ಅಡ್ಡ ತಿರುಗಿಸಿ: ಅಗಲ ಆರು ಇಂಚಿನ ಹತ್ತಿರವಾಗಿ ಅಕ್ಷರ ಅಚ್ಚಿನಷ್ಟೇ ಕಾಣುತ್ತದೆ, ಮೂರ್ನಾಲ್ಕು ಸಲ ಮೇಲೆ ಜಾರಿಸಿದರೆ ಪುಟ ಮುಗಿಯುತ್ತದೆ.

ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುವ ಇಪಬ್ ಕಡತ ಸಿಕ್ಕರೆ ಈ ತಾಪತ್ರಯವಿಲ್ಲ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಒಂದೂವರೆ ಪಟ್ಟಿಗೆ ಏರಿಸಿಕೊಳ್ಳಿ. ಇಂಗ್ಲಿಷಿಗೆ ಹೊಂದಿಸಿದ ಅಂತರ ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫೋನಿನಿಂದಲೇ ಗಟ್ಟಿಯಾಗಿ ಓದಿಸುವ ಆಸೆಯಿದ್ದರೆ ಒಂದು ಸಾಲು ಕಾಪಿ ಮಾಡಿ ಮೆಸೇಜಿಗೆ ಅಂಟಿಸಿ ನೋಡಿ. ಕನ್ನಡವೇ ಬಂದರೆ ಅದು ಎಲ್ಲ ಫೋನಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ, ಕೆಲಸ ಆಗುತ್ತದೆ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು 'ನುಡಿ'ಯಂಥ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟು. ಹುಡುಕಲೂ ಆಗದು, ಓದಿಸಲೂ ಆಗದು. ಸಾಲು ಕಾಪಿಯೇ ಆಗದಿದ್ದರೆ ಅದು ಬರೀ ಚಿತ್ರ.

ಹೊರಡುವ ಹಿಂದಿನ ರಾತ್ರಿ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಪುಸ್ತಕ ತೆರೆದು ನೋಡಿ. ಬರೀ ಮುಖಪುಟ ಇಳಿದು, ಒಳಗಿನ ಪುಟಕ್ಕೆ ನೆಟ್‌ವರ್ಕ್ ಕೇಳುವುದು ಸುರಂಗದಲ್ಲಿ ಗೊತ್ತಾದರೆ ಏನೂ ಮಾಡಲಾಗದು. ರೈಲಿನಲ್ಲಿ ರಾತ್ರಿ 10ಕ್ಕೆ ದೀಪ ಆರಿಸುತ್ತಾರೆ, ಎಸಿ ಬೋಗಿಯಲ್ಲಾದರೆ ಬರ್ತಿನ ಪಕ್ಕ ಓದುವ ದೀಪವಿರುತ್ತದೆ. ಸ್ಲೀಪರ್‌ನಲ್ಲಿ ಹೋಗುವವರು ಅಚ್ಚಿನ ಪುಸ್ತಕವನ್ನು ಹಗಲಿಗಿಟ್ಟುಕೊಂಡು, ಫೋನಿನ ಚಾರ್ಜನ್ನು ರಾತ್ರಿಗೆ ಉಳಿಸಿಕೊಳ್ಳುವುದು ಒಳ್ಳೆಯದು.