ಟಿಕೆಟ್ ಸಿಗದ ದಿನ ಸಿಕ್ಕ ಗೋಡೆ

ಸ್ಪೇನಿನ ಗ್ರನಾಡಾಕ್ಕೆ ಹೋಗಿ ಅಲ್ಹಂಬ್ರಾ ಅರಮನೆ ನೋಡದೆ ಬಂದೆ ಅಂದರೆ ನಗ್ತೀರಿ. ತಪ್ಪು ನನ್ನದೇ. ಅಲ್ಲಿಗೆ ಹೋಗಿ ಟಿಕೆಟ್ ತಗೊಂಡರಾಯ್ತು ಅಂತ ಸುಮ್ನೆ ಕೂತಿದ್ದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇನ್ನೇನು ಮಾಡೋದು? ಎದುರು ಗುಡ್ಡದ ಅಲ್ಬೈಸಿನ್ ಕಡೆ ಹೆಜ್ಜೆ ಹಾಕಿದೆ. ಮುಸ್ಲಿಂ ದೊರೆಗಳ ಕಾಲದ ಹಳೇ ಊರು ಅದು. ಎಲ್ವಿರಾ ಬಾಗಿಲ ಹತ್ತಿರದಿಂದ ಅಲಕಾಬಾ ಅನ್ನೋ ಏರುದಾರಿ ಹಿಡಿದರೆ ಬಲಗಡೆ ಮೇಲೆ ಕೋಟೆ ಗೋಡೆ ಜೊತೆಗೇ ಬರುತ್ತದೆ. ಉತ್ತರ ಆಫ್ರಿಕಾ ಮೂಲದ ಜೀರಿ ವಂಶದವರು 11ನೇ ಶತಮಾನದಲ್ಲಿ ಕಟ್ಟಿಸಿದ್ದು.

ಕಲ್ಲಿನ ಕೋಟೆ ಅಂದುಕೊಂಡಿದ್ದೆ. ನೋಡಿದರೆ ಹೆಚ್ಚಿನದು ಮಣ್ಣು! ಮಣ್ಣು, ಸುಣ್ಣ, ಗರಸು ಕಲಸಿ, ಎರಡು ಹಲಗೆಗಳ ನಡುವೆ ಸುರಿದು ಧಮ್ಮಸ್ಸು ಹೊಡೆದ ಗೋಡೆ. ಒಂದು ವರಸೆ ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ ಅದರ ಮೇಲೆ ಇನ್ನೊಂದು. ಹಲಗೆಗೆ ಆಸರೆ ಕೊಟ್ಟ ಅಡ್ಡ ಕಟ್ಟಿಗೆಗಳ ತೂತುಗಳು ಇನ್ನೂ ಸಾಲಾಗಿ ಕಾಣುತ್ತವೆ. ನಾನು ಮಾತ್ರ ಮೊದಲಿಗೆ ಅವನ್ನು ಗುಂಡು ಹಾರಿಸೋ ಕಿಂಡಿ ಅಂದುಕೊಂಡು ನಾಲ್ಕು ಫೋಟೋ ಹೊಡೆದಿದ್ದೆ. 11ನೇ ಶತಮಾನದಲ್ಲಿ ಎಲ್ಲಿಯ ಬಂದೂಕು, ಅಲ್ವಾ?

ಏರು ಮುಗಿಸಿದಾಗ ಏದುಸಿರು. ಮೇಲೆ ಪ್ಲಾಸಾ ಲಾರ್ಗಾ ಅನ್ನೋ ಪುಟ್ಟ ಚೌಕ, ತರಕಾರಿ ಅಂಗಡಿಗಳು. ಅದರ ಮೂಲೆಯಲ್ಲೇ ಕೋಟೆಯ ಬಾಗಿಲು. ಒಳಗೆ ಕಾಲಿಟ್ಟರೆ ದಾರಿ ನೇರ ಇಲ್ಲ, ತಿರುಗುತ್ತದೆ. ನುಗ್ಗಿ ಬಂದ ಶತ್ರು ಇಲ್ಲಿ ವೇಗ ತಗ್ಗಿಸಲೇಬೇಕು. ಬಿಸಿಲಿನಿಂದ ಬಂದವನಿಗೆ ಒಂದು ಗಳಿಗೆ ಕಣ್ಣೇ ಕಾಣಲಿಲ್ಲ. ಕೈ ಗೋಡೆಗೆ ಹೋಯಿತು. ತಣ್ಣಗಿತ್ತು, ಮೂಲೆಗಳು ಸವೆದು ನುಣುಪಾಗಿದ್ದವು.

ಈ ಬಾಗಿಲಿಗೆ ಈಗಿನ ಹೆಸರು ತೂಕದ ಬಟ್ಟುಗಳ ಕಮಾನು. ತಲೆ ಎತ್ತಿ ನೋಡಿದರೆ ಚೌಕದ ಕಡೆ ಗೋಡೆಗೆ ಹಳೇ ಬಟ್ಟುಗಳನ್ನು ನಿಜಕ್ಕೂ ಜಡಿದಿದ್ದಾರೆ. 1492ರಲ್ಲಿ ಊರು ಕ್ರಿಶ್ಚಿಯನ್ ದೊರೆಗಳ ಪಾಲಾದ ಮೇಲಿನ ಕಥೆ ಇದು. ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರ ಬಟ್ಟು ಕಿತ್ತು, ಸಂತೆಗೆ ಬಂದವರೆಲ್ಲ ನೋಡಲಿ ಅಂತ ಅಲ್ಲಿ ನೇತುಹಾಕುತ್ತಿದ್ದರಂತೆ. ದಂಡ ಕಟ್ಟಿಸೋದಕ್ಕಿಂತ ಇದೇ ಜಾಸ್ತಿ ನಾಟುತ್ತದೆ ಅನ್ನಿಸಿತು.

ವಾಪಸ್ ಚೌಕಕ್ಕೆ ಬಂದು ಒಂದು ಕಿಲೋ ಕಿತ್ತಳೆ ಕೇಳಿದೆ. ಎಲೆಕ್ಟ್ರಾನಿಕ್ ತಕ್ಕಡಿ. ಆದರೂ ಒಂದ್ಸಲ ಬಗ್ಗಿ ಅಂಕಿ ನೋಡಿದೆ. ಅಂಗಡಿಯಾಕೆ ಗೋಡೆ ಕಡೆ ಕಣ್ಣು ಹಾಯಿಸಿ ನಕ್ಕು, ಇನ್ನೊಂದು ಹಣ್ಣು ಚೀಲಕ್ಕೆ ಹಾಕಿದಳು.