ಗ್ರಾಮಸಭೆಗೆ ಅಷ್ಟು ಜನ ಹೇಗೆ ಬಂದರು?

ಕುಮಟಾ ಕಡೆ ಎಲ್ಲೇ ಹೋದರೂ, ಮದುವೆ ಊಟದ ಪಂಕ್ತಿಯಲ್ಲೂ, ಜನ ನನ್ನನ್ನು ಕೇಳುವುದು ಇದೊಂದೇ. 'ಸರ್, ನಾವು ಮೈಕ್ ಕಟ್ಟಿಕೊಂಡು ಸುತ್ತಿದರೂ ಗ್ರಾಮಸಭೆಗೆ ಜನ ಬರುವುದಿಲ್ಲ. ನಿಮ್ಮ ಕಾಲೇಜು ಮಕ್ಕಳು ಕರೆದರೆ ಬರ್ತಾರೆ. ಹೇಗೆ?'

ಮೊದಲ ವರ್ಷ ನಾವೂ ಮೈಕೇ ಕಟ್ಟಿದ್ದು. ಅಘನಾಶಿನಿ ಹೊಳೆ ಸಮುದ್ರ ಸೇರುವ ಹತ್ತಿರದ ಊರು. ಗಜನಿ ಗದ್ದೆಯ, ಅಂದರೆ ಹೊಳೆ ಬದಿಯ ತಗ್ಗು ಗದ್ದೆಯ, ಒಡ್ಡು ಒಡೆದು, ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಒಳಗೆ ಬರುತ್ತಿತ್ತು. ಕಗ್ಗ ಭತ್ತ ಉಪ್ಪು ತಡೆದುಕೊಳ್ಳುತ್ತದೆ, ನಿಜ. ಕುಡಿಯುವ ಬಾವಿ ತಡೆಯಬೇಕಲ್ಲ? ಹುಡುಗರು ಬ್ಯಾನರ್ ಕಟ್ಟಿದರು, ರೀಲ್ಸ್ ಮಾಡಿದರು, ರಿಕ್ಷಾದಲ್ಲಿ ಕೂಗಿಕೊಂಡು ಹೋದರು. ಸಭೆಗೆ ಬಂದವರಲ್ಲಿ ಅರ್ಧ ನಮ್ಮವರೇ. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಬಂದರೆ ಮಾತ್ರ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ. ಅದಾಗದೆ ಸಭೆ ಮುಂದಕ್ಕೆ ಹೋಯಿತು.

ದಾರಿ ತೋರಿಸಿದವಳು ಅದೇ ಊರಿನ ಒಬ್ಬ ಬಿ.ಎ. ಹುಡುಗಿ. ತನ್ನ ಮನೆ ಬಾವಿ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು ಪಕ್ಕದ ಮನೆಗೆ ಹೋದಳು. ನಾನೂ ಜೊತೆಗಿದ್ದೆ. 'ಅಕ್ಕಾ, ಇದು ನಮ್ಮ ಬಾವಿದು. ಸ್ವಲ್ಪ ಬಾಯಿಗೆ ಹಾಕಿ ನೋಡಿ. ನಿಮ್ಮದು ಹೇಗಿದೆ?' ಆ ಅಕ್ಕ ಒಂದು ಗುಟುಕು ಬಾಯಿಗೆ ಹಾಕಿ ಅಂಗಳಕ್ಕೆ ಉಗಿದರು. ಸೀದಾ ಒಳಗೆ ಹೋಗಿ ತಮ್ಮ ಬಾವಿಯದ್ದು ಒಂದು ಚೊಂಬು ತಂದರು. 'ನಮ್ಮದು ನೋಡು ತಂಗಿ. ಚಾ ಮಾಡಿದ್ರೆ ಹಾಲು ಒಡೀತದೆ. ಮನೆಗೆ ಬಂದವರಿಗೆ ಆಸರಿಗೆ ಕೊಡೂಕೂ ನಾಚಿಕೆ ಆಗ್ತದೆ.'

ನಮ್ಮ ಕಡೆ ಯಾರೇ ಬಂದರೂ ಮೊದಲು ಆಸರಿ, ಅಂದರೆ ಬೆಲ್ಲ, ನೀರು. ಅದನ್ನೂ ಕೊಡಲಾಗದ ಮನೆ ಅಂದರೆ ಎಷ್ಟು ಕಷ್ಟ ಅಲ್ವಾ? ಅವರು ಒಂದು ಗಂಟೆ ಮಾತಾಡಿದರು. ಹುಡುಗಿ ಏನೂ ಉಪದೇಶ ಮಾಡಲಿಲ್ಲ. ಯಾವ ತಿಂಗಳಿಂದ ಉಪ್ಪಾಗುತ್ತದೆ, ಎಷ್ಟು ದೂರದಿಂದ ನೀರು ತರುತ್ತೀರಿ, ಅಷ್ಟೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆಮೇಲೆ ಎಲ್ಲರೂ ಬಾಟಲಿ ಹಿಡಿದು ಹೊರಟರು. ಹೊತ್ತು ನೋಡಿ ಹೋಗಬೇಕು ಅನ್ನುವುದನ್ನು ಮೊದಲ ಶನಿವಾರವೇ ಕಲಿತೆವು. ಇಳಿತದ ಹೊತ್ತಿನಲ್ಲಿ ಹೋಗಿದ್ದಕ್ಕೆ ಮನೆಗಳೆಲ್ಲ ಖಾಲಿ, ಹೆಂಗಸರು ಬುಟ್ಟಿ ಹಿಡಿದು ಬಳಚು (ಚಿಪ್ಪುಮೀನು) ಹೆಕ್ಕಲು ಹೊಳೆಗೆ ಇಳಿದಿದ್ದರು. ಮುಂದಿನ ವಾರದಿಂದ ಭರತ-ಇಳಿತ ಕೇಳಿಕೊಂಡೇ ಹೋದೆವು.

ಎರಡನೇ ಸಲ ಹೋದಾಗ ಪ್ರತಿ ಮನೆಗೂ ಒಂದು ಚೀಟಿ ಕೊಟ್ಟರು. ಅದರಲ್ಲಿ ಆ ಮನೆಯವರೇ ಆಡಿದ ಎರಡು ಮಾತು. 'ಇದನ್ನು ಸಭೆಯಲ್ಲಿ ನೀವೇ ಹೇಳಬೇಕು, ನಾವು ಪಕ್ಕದಲ್ಲಿ ನಿಲ್ತೇವೆ.' ಬ್ಯಾನರಿನಲ್ಲಿ ಇದ್ದದ್ದು ನಮ್ಮ ಮಾತು, ಚೀಟಿಯಲ್ಲಿ ಅವರದು. ಜನ ಬಂದದ್ದು ಅದಕ್ಕೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಶಾಲೆಯ ಹಾಲ್ ಸಾಲದೆ ಜಗಲಿಯಲ್ಲೂ ನಿಂತಿದ್ದರು.

ಓದುವ ಮಕ್ಕಳಿಗೆ ಇದೆಲ್ಲ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರು. 18 ತುಂಬಿದ ಹುಡುಗಿಗೂ ಅಲ್ಲಿ ಎದ್ದು ಮಾತಾಡುವ ಹಕ್ಕಿದೆ. ಮತ್ತೆ ನಮ್ಮ ಜಿಲ್ಲೆಗೆ ಇದೇನು ಹೊಸದಾ? 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಯುವಕರು ಹೆಂಗಸರು ಎಲ್ಲ, ಕಳಸೆ ಕಾಡಿಗೆ ನಡೆದು ಹೋಗಿ ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. 38 ದಿನ ಹಿಡಿಯಿತು, ಕಡಿಯುವುದು ನಿಂತಿತು. ಆ ಅಪ್ಪಿಕೊ ಚಳವಳಿ ಊರಿಂದ ಊರಿಗೆ ಹೋದದ್ದು ಪಾದಯಾತ್ರೆಯಿಂದ, ಯಕ್ಷಗಾನದಿಂದ, ಬೀದಿ ನಾಟಕದಿಂದ. 'ಉಳಿಸು, ಬೆಳೆಸು, ಬಳಸು' ಅನ್ನುವ ಮೂರೇ ಮಾತು, ಯಾರ ಬಾಯಲ್ಲಾದರೂ ನಿಲ್ಲುವಂಥದ್ದು.

ಒಂದು ಕೆಲಸ ಮಾತ್ರ ಮರೆಯಬೇಡಿ. ಚಪ್ಪಾಳೆ ಆಯಿತು ಅಂತ ಎದ್ದು ಬರಬೇಡಿ. ಸಭೆಯ ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಹೊರಡಿ. ನಮ್ಮ ಮಕ್ಕಳು ಅಂದು ಸಂಜೆ ತನಕ ಕಾದು ಬರೆಸಿದರು. ಒಡ್ಡಿನ ಒಂದು ಭಾಗಕ್ಕೆ ಈಗ ಕಲ್ಲು, ಮಣ್ಣು ಬಿದ್ದಿದೆ. ಹೊಳೆ ಕಡೆಯ ತಿರುವು ಇನ್ನೂ ಬಾಕಿ. ಗ್ರಾಮಸಭೆ ಆರು ತಿಂಗಳಿಗೆ ಒಂದು ಸಲವಾದರೂ ಆಗಲೇಬೇಕು, ಹಾಗಾಗಿ ಮುಂದಿನದಕ್ಕೂ ಹೋಗುತ್ತೇವೆ.

ಈ ಭಾನುವಾರದಿಂದ ಆಚೆ ದಡದ ಊರುಗಳಿಗೆ ಹೊರಟಿದ್ದೇವೆ. ಬಾಟಲಿ ಹಿಡಿದ ಹುಡುಗರು ನಿಮ್ಮ ಅಂಗಳಕ್ಕೆ ಬಂದರೆ, ನಿಮ್ಮ ಬಾವಿಯದ್ದೂ ಒಂದು ಚೊಂಬು ಹೊರಗೆ ತನ್ನಿ.