ಮಿಂಟ್ ಮಾರ್ಕ್ ಇಲ್ಲ ಅಂದ ಮಾತ್ರಕ್ಕೆ ಎರರ್ ಅಲ್ಲ

ವಿರಾಜಪೇಟೆಯ ಒಂದು ಚಿನ್ನದಂಗಡಿಯಲ್ಲಿ ನನ್ನ ಕೆಲಸ. ಒಡವೆಯ ಜೊತೆ ಹಳೇ ನಾಣ್ಯಗಳಿಗೂ ಬೆಲೆ ಕಟ್ಟುತ್ತೇವೆ. ನಿವೃತ್ತ ಫೌಜಿಗಳು, ಎಸ್ಟೇಟ್ ಮನೆಯವರು, ಮಕ್ಕಳು ವಿದೇಶದಲ್ಲಿರುವವರು ಬೀರುವಿನಲ್ಲಿದ್ದ ಪ್ರೂಫ್ ಸೆಟ್, ಅಂದರೆ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಒತ್ತಿದ ನಾಣ್ಯಗಳ ಡಬ್ಬಿ, ತರುತ್ತಾರೆ. ಪ್ರಶ್ನೆ ಮಾತ್ರ ಒಂದೇ: "ಇದರಲ್ಲಿ ಮಿಂಟ್ ಮಾರ್ಕೇ ಇಲ್ಲ ನೋಡಿ, ಎರರ್ ಅಲ್ವಾ? ಲಕ್ಷ ಸಿಗುತ್ತಂತೆ?"

ಮಿಂಟ್ ಮಾರ್ಕ್ ಅಂದರೆ ನಾಣ್ಯ ಯಾವ ಟಂಕಸಾಲೆಯದು ಎಂದು ತೋರಿಸುವ ಸಣ್ಣ ಗುರುತು. ಅದು ಇರಲೇಬೇಕಾದ ಕಡೆ ಇಲ್ಲದಿದ್ದರೆ ಮಾತ್ರ ಎರರ್, ಅಂದರೆ ತಯಾರಿಕೆಯ ತಪ್ಪು. ಕೋಲ್ಕತ್ತ ಟಂಕಸಾಲೆ ಗುರುತು ಹಾಕುವುದೇ ಇಲ್ಲ. ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ದುಂಡನೆ ಚುಕ್ಕಿ, ಮುಂಬೈಯದು ವಜ್ರದ ಆಕಾರ. ಆದರೆ ಪ್ರೂಫ್ ನಾಣ್ಯಕ್ಕೆ ಮುಂಬೈಯವರು ಅಕ್ಷರ ಹಾಕುತ್ತಾರೆ. ಎಪ್ಪತ್ತರ ದಶಕದ ಸೆಟ್‌ಗಳಲ್ಲಿ 'ಬಿ' ಇದೆ, ಬಾಂಬೆ ಹೋಗಿ ಮುಂಬೈ ಆದ ಮೇಲೆ 'ಎಂ' ಬಂತು. ಚಿಲ್ಲರೆಯಲ್ಲಿ 'ಬಿ' ಇರುವ ನಾಣ್ಯ ಸಿಕ್ಕರೆ ಅದು ಬಹುಶಃ ಯಾರೋ ಒಡೆದ ಪ್ರೂಫ್ ಸೆಟ್‌ನದು. ವಜ್ರದ ಬದಲು ತಪ್ಪಿ ಬಿದ್ದ ಅಕ್ಷರವಲ್ಲ.

ನಿಜವಾದ ಮಜಾ ಅಮೆರಿಕದ ಸೆಟ್‌ಗಳಲ್ಲಿದೆ. 1968ರಿಂದ ಅವರ ಪ್ರೂಫ್ ಸೆಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಯಾರಾಗಿ 'ಎಸ್' ಗುರುತಿನೊಂದಿಗೆ ಬಂದವು. ನಾಣ್ಯ ಒತ್ತುವ ಅಚ್ಚುಗಳನ್ನು ತಯಾರಿಸುತ್ತಿದ್ದದ್ದು ಮಾತ್ರ ಫಿಲಡೆಲ್ಫಿಯಾದಲ್ಲಿ. ಅಲ್ಲಿ ಒಬ್ಬ ಕೆಲಸಗಾರ ಪುಟ್ಟ ಉಕ್ಕಿನ ಪಂಚ್ ಇಟ್ಟು, ಸುತ್ತಿಗೆಯಿಂದ ಹೊಡೆದು, ಒಂದೊಂದೇ ಅಚ್ಚಿಗೆ ಆ ಅಕ್ಷರ ಕೂರಿಸಬೇಕಿತ್ತು. ಒಂದು ಅಚ್ಚಿಗೆ ಹೊಡೆಯಲು ಮರೆತರೆ ಅದರಿಂದ ಬಿದ್ದ ನಾಣ್ಯಕ್ಕೆಲ್ಲ ಗುರುತಿಲ್ಲ. 1968, 1970, 1975, 1983ರ ಡೈಮ್ (ಹತ್ತು ಸೆಂಟ್), 1971ರ ನಿಕಲ್ (ಐದು ಸೆಂಟ್) ಹೀಗೆ ಹುಟ್ಟಿದವು. 1975ರದು ಈವರೆಗೆ ಗೊತ್ತಿರುವುದು ಎರಡೇ ಎರಡು. 1985ರ ಹೊತ್ತಿಗೆ ಪ್ರೂಫ್‌ಗೆ ಕೈಯಿಂದ ಹೊಡೆಯುವುದು ನಿಂತಿತು. ಆದರೂ 1990ರ ಸೆಂಟ್ 'ಎಸ್' ಇಲ್ಲದೆ ಬಂತು. ಸಾದಾ ನಾಣ್ಯದ ಅಚ್ಚೊಂದು ಪ್ರೂಫ್ ಕೆಲಸಕ್ಕೆ ಹೋಗಿಬಿಟ್ಟಿತ್ತು ಎನ್ನುತ್ತಾರೆ.

ಸವೆದ ಪಂಚ್‌ನದು ಇನ್ನೊಂದು ಕಥೆ. 1979ರ ಹೆಚ್ಚಿನ ಸೆಟ್‌ಗಳಲ್ಲಿ 'ಎಸ್' ಮುದ್ದೆಯಂತೆ ತುಂಬಿಕೊಂಡಿದೆ. ಅದು ಟೈಪ್ 1. ವರ್ಷದ ಮಧ್ಯೆ ಹೊಸ ಪಂಚ್ ಬಂತು, ಅಕ್ಷರ ಸ್ಪಷ್ಟವಾಯಿತು. ಅದು ಟೈಪ್ 2, ಬೆಲೆಯೂ ಜಾಸ್ತಿ. ಆದರೆ 1981ರ ಟೈಪ್ 1 ಅಂದರೆ ಅದೇ ಸ್ಪಷ್ಟ ಪಂಚ್, ಸ್ವಲ್ಪ ಸವೆದದ್ದು. ಆ ವರ್ಷ ಅದೇ ಮಾಮೂಲಿ. ಆದ್ದರಿಂದ ಇಸವಿ ಬಿಟ್ಟು "ಎಸ್ ಸ್ಪಷ್ಟ ಇದೆ" ಅಂದರೆ ಪ್ರಯೋಜನವಿಲ್ಲ. 1979ರ ಸೆಟ್‌ನಲ್ಲಿ ಆರು ನಾಣ್ಯ. ಪೂರ್ತಿ ಟೈಪ್ 2 ಸೆಟ್ ಅನ್ನಲು ಆರೂ ಹಾಗಿರಬೇಕು. ಒಂದನ್ನು ನೋಡಿ ಉಳಿದವನ್ನು ನಂಬುವ ವ್ಯಾಪಾರ ನನಗಂತೂ ಬೇಡ.

ಡಬ್ಬಿ ಒಡೆದಿದ್ದರೆ ನನ್ನ ಅನುಮಾನ ಇನ್ನೂ ಜೋರು. ಎಪ್ಪತ್ತರ ದಶಕದ ಫಿಲಡೆಲ್ಫಿಯಾದ ಸಾದಾ ಡೈಮ್‌ಗೂ ಗುರುತಿಲ್ಲ. ಅದನ್ನು ಪಾಲಿಶ್ ಮಾಡಿ ಸೆಟ್‌ನಲ್ಲಿ ಕೂರಿಸಿದರೆ ಮೇಲ್ನೋಟಕ್ಕೆ ಮೋಸ ಹೋಗಬಹುದು. ಪ್ರೂಫ್ ಅಂದರೆ ಬರೀ ಹೊಳಪಲ್ಲ. ಪಾಲಿಶ್ ಮಾಡಿದ ಬಿಲ್ಲೆಗೆ ಪಾಲಿಶ್ ಮಾಡಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿರುತ್ತಾರೆ. ಅದಕ್ಕೇ ಅಂಚು ಚೂಪಾಗಿರುತ್ತದೆ, ಅಕ್ಷರದ ಮೂಲೆ ಕರಗಿದಂತೆ ಕಾಣುವುದಿಲ್ಲ. ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ನಾನು ಮೊದಲು ನೋಡುವುದು ಆ ಅಂಚನ್ನೇ.

ಇಲ್ಲಿನ ಕೊಡವರ ಕೊರಳ ಒಡವೆಯಾದ ಪತ್ತಾಕ್‌ಗಳಲ್ಲೂ ಒಂದು ಗುರುತು ಸಿಗುತ್ತದೆ ನೋಡಿ. ಅದರಲ್ಲಿ ಕೂರಿಸಿದ ಪವನು (ಇಂಗ್ಲೆಂಡಿನ ಸಾವರಿನ್ ಚಿನ್ನದ ನಾಣ್ಯ) 1918ರದ್ದಾಗಿದ್ದರೆ ಕುದುರೆಯ ಕೆಳಗೆ, ಇಸವಿಯ ಮೇಲೆ ಸಣ್ಣ 'ಐ' ಇದೆಯೇ ನೋಡಿ. ಅದು ಬಾಂಬೆಯಲ್ಲಿ ಒತ್ತಿದ್ದು. ಅಲ್ಲಿ ಒತ್ತಿದ ಇಂಗ್ಲೆಂಡಿನ ಪವನುಗಳ ಮೇಲಿರುವುದು ಆ ಒಂದೇ ಇಸವಿ. ಹಾಗಂತ ಬಿಡಿಸಿ ಮಾರಲು ಹೋಗಬೇಡಿ. ಬೆಸುಗೆ ತಗುಲಿದ ನಾಣ್ಯಕ್ಕೆ ಸಾಮಾನ್ಯವಾಗಿ ಚಿನ್ನದ ದರ ಅಷ್ಟೇ.

ವಾಟ್ಸ್ಆ್ಯಪ್‌ನಲ್ಲಿ "ಈ ನಾಣ್ಯಕ್ಕೆ ಲಕ್ಷ" ಅಂತ ಬಂದರೆ ಸುಮ್ನೆ ಅಳಿಸಿ. ತನ್ನ ಹೆಸರಿನಲ್ಲಿ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ನಮ್ಮೂರಿನ ಸೆಟ್‌ಗಳನ್ನು ಹಾಳು ಮಾಡುವುದು ಮಾತ್ರ ಮಳೆ. ಜೂನ್‌ನಿಂದ ಬೀರುವಿನೊಳಗೂ ತೇವ. ಬೆಳ್ಳಿ ಕಪ್ಪಾಗುತ್ತದೆ, ತಾಮ್ರಕ್ಕೆ ಹಸಿರು ಕಲೆ ಬರುತ್ತದೆ. ಆಮೇಲೆ ಯಾರೋ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ, ಕನ್ನಡಿಯಂಥ ಮೈ ತುಂಬ ಗೀರು. ಡಬ್ಬಿ ತೆರೆಯದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಪೊಟ್ಟಣವನ್ನು ಮೇ ತಿಂಗಳಲ್ಲೇ ಬದಲಿಸಿ.